ಜಿಲೇಬಿ ಮೀನು ಯಾರದು?

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಒಂದು ಕೆರೆಯ ಏರಿಯ ಮೇಲೆ ಇಬ್ಬರು ಕೂಲಿಯ ಹುಡುಗರನ್ನು ಗುತ್ತಿಗೆದಾರರ ಕಾವಲಿನವರು ಹಿಡಿದರು. ಗಾಳ ಕಸಿದುಕೊಂಡರು, ಬುಟ್ಟಿ ಕಸಿದುಕೊಂಡರು, ಕೆನ್ನೆಗೆ ಎರಡೆರಡು ಕೊಟ್ಟರು, ಆಮೇಲೆ ಐನೂರು ರೂಪಾಯಿ ದಂಡ ಕಟ್ಟಿ ಬುಟ್ಟಿ ಬಿಡಿಸಿಕೊಳ್ಳಿ ಎಂದರು. ಬುಟ್ಟಿಯಲ್ಲಿದ್ದುದು ಎಂಟು ಮೀನು. ಎಂಟೂ ಜಿಲೇಬಿ, ಒಂದೊಂದೂ ಅಂಗೈಯಗಲ. ಗುತ್ತಿಗೆದಾರರು ಹಣ ಕೊಟ್ಟು ತಂದು ಬಿಟ್ಟ ಕಾಟ್ಲಾ, ರೋಹು ಜಾತಿಯದು ಒಂದೂ ಇರಲಿಲ್ಲ.

ಎಂಟು ಮೀನಿನ ಸುದ್ದಿಗೆ ಸಂಪಾದಕೀಯವೇ ಎಂದು ನಗುವವರು ನಗಲಿ. ಈ ಮೀನು ಕೆರೆಗೆ ಬಂದ ಬಗೆಯನ್ನು ತಿಳಿದರೆ ಕಳ್ಳರು ಯಾರು, ಕಳವಾದ ಸೊತ್ತು ಯಾವುದು ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲವೆಂದು ಓದುಗರಿಗೇ ತೋರೀತು.

ನಾವು ಜಿಲೇಬಿ ಎನ್ನುವ ಈ ಟಿಲಾಪಿಯಾ ಮೀನು ನಮ್ಮ ನಾಡಿನದಲ್ಲ. ಇದರ ತವರು ಆಫ್ರಿಕಾದ ಮೊಜಾಂಬಿಕ್ ಸೀಮೆಯ ಹೊಳೆಗಳು. 1930ರ ದಶಕದ ಕೊನೆಗೆ ಅದು ಹೇಗೋ ಜಾವಾ ದ್ವೀಪದ ಕಡಲ ಹಿನ್ನೀರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿ ಮುಜೈರ್ ಎಂಬವರು ಕೆಲವೇ ಮೀನುಗಳನ್ನು ಹಿಡಿದು ಸಿಹಿನೀರಿಗೆ ಒಗ್ಗಿಸಿ ಸಾಕಿದರು. ಆ ದೇಶದವರು ಇಂದಿಗೂ ಇದನ್ನು ಮುಜೈರ್ ಮೀನೆಂದೇ ಕರೆಯುತ್ತಾರೆ. ಯುದ್ಧ ಮುಗಿದ ಮೇಲೆ ಹಸಿದ ಏಷ್ಯಾಕ್ಕೆ ಅಗ್ಗದ ಮಾಂಸ ಬೇಕಿತ್ತು. ಇದನ್ನು ನೀರಿನ ಕೋಳಿ ಎಂದು ಹೊಗಳಿ ದೇಶದಿಂದ ದೇಶಕ್ಕೆ ಸಾಗಿಸಿದರು. ಭಾರತಕ್ಕೆ ಬಂದದ್ದು 1952ರಲ್ಲಿ. ಬ್ಯಾಂಕಾಕಿನಿಂದ ಮಂಟಪಂಗೆ, ಸಿಂಹಳದಿಂದ ಮದರಾಸಿಗೆ. ಅಲ್ಲಿಂದ ದಕ್ಷಿಣದ ಕೆರೆ, ಜಲಾಶಯಗಳಿಗೆ. ಬೆಸ್ತರನ್ನು ಯಾರೂ ಕೇಳಲಿಲ್ಲ, ರೈತರನ್ನಂತೂ ಕೇಳುವ ಮಾತೇ ಇರಲಿಲ್ಲ. ತಂದು ಬಿಟ್ಟವರು ಸರ್ಕಾರದವರೇ.

ಏಳು ವರ್ಷ ಕಳೆದ ಮೇಲೆ, 1959ರಲ್ಲಿ, ಭಾರತದ ಮೀನುಗಾರಿಕೆ ಸಂಶೋಧನಾ ಸಮಿತಿಯು ಈ ಮೀನನ್ನು ಇನ್ನು ಹಬ್ಬಿಸಕೂಡದೆಂದು ತಡೆ ಹಾಕಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗಾಯಿತು. ಆದೇಶವನ್ನು ಓದಲು ಮೀನಿಗೆ ಬರುವುದಿಲ್ಲ.

ಇದು ಹಬ್ಬುವ ರೀತಿಯನ್ನು ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಕ್ಕಳಿಗೆ ಏರಿಯ ಬುಡದಲ್ಲೇ ತೋರಿಸುತ್ತಿದ್ದೆವು. ಗಂಡು ಮೀನು ಮೈ ಕಪ್ಪು ಮಾಡಿಕೊಂಡು ದಡದ ಕೆಸರಿನಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ. ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು, ಮರುಗಳಿಗೆಯೇ ಮೊಟ್ಟೆಗಳನ್ನು ಬಾಯಿಗೆ ತುಂಬಿಕೊಳ್ಳುತ್ತದೆ. ಮರಿಯೊಡೆದ ಮೇಲೂ ಕೆಲವು ದಿನ ಬಾಯೇ ತೊಟ್ಟಿಲು. ನೆರಳು ಬಿದ್ದರೆ ಸಾಕು, ಈಜುತ್ತಿದ್ದ ಮರಿಗಳೆಲ್ಲ ತಾಯಿಯ ಬಾಯಿಗೆ ಓಡುತ್ತವೆ. ಇಡುವುದು ಕೆಲವು ನೂರು ಮೊಟ್ಟೆ ಮಾತ್ರ, ಆದರೆ ಬಹುಪಾಲು ಉಳಿಯುತ್ತವೆ. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ತಿಂಗಳಿಗೇ ಮರಿಯೂ ತಾಯಿಯಾಗುತ್ತದೆ. ವರ್ಷದಲ್ಲಿ ಹಲವು ಬಾರಿ ಈ ಸಂಸಾರ ನಡೆಯುತ್ತದೆ. ಉಪ್ಪುನೀರಿಗೂ ಸೈ, ಉಸಿರು ಕಡಿಮೆಯಾದ ಕೊಳಕು ನೀರಿಗೂ ಸೈ. ಪಾಚಿ, ಹೂಳಿನ ಕಸ, ಹುಳುಹುಪ್ಪಟೆ, ಬೇರೆ ಮೀನಿನ ಮೊಟ್ಟೆ ಮರಿ ಯಾವುದನ್ನೂ ಬೇಡವೆನ್ನುವುದಿಲ್ಲ.

ಕಾಟ್ಲಾ, ರೋಹು, ಮೃಗಾಲ್‌ಗಳ ಕಥೆಯೇ ಬೇರೆ. ಲಕ್ಷಗಟ್ಟಲೆ ಮೊಟ್ಟೆಯಿಡುವ ಈ ದೊಡ್ಡ ಮೀನುಗಳು ನಿಂತ ಕೆರೆಯ ನೀರಿನಲ್ಲಿ ಮರಿ ಮಾಡುವುದೇ ಇಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಕಟಕ್‌ನಲ್ಲಿ ಚುಚ್ಚುಮದ್ದಿನಿಂದ ಮರಿ ಮಾಡಿಸುವುದನ್ನು ಸಾಧಿಸಿದ ಮೇಲೆ ತೊಟ್ಟಿಗಳಲ್ಲಿ ಬಿತ್ತನೆ ಮರಿ ತಯಾರಾಗುವಂತಾಯಿತು. ದೊಡ್ಡ ಉಪಕಾರವೇ ಸರಿ. ಆದರೆ ಪ್ರತಿ ವರ್ಷ ಮರಿ ಕೊಳ್ಳಬೇಕು, ಸಾಗಿಸಬೇಕು, ಬಿಡಬೇಕು. ಕೈಯಲ್ಲಿ ಬಂಡವಾಳವಿದ್ದವರಿಗೆ ಅದು ಸಾಧ್ಯ. ದೊಡ್ಡ ಕೆರೆ ಇಲಾಖೆಯ ಕೈಯಲ್ಲಿ, ಚಿಕ್ಕ ಕೆರೆ ಗ್ರಾಮ ಪಂಚಾಯತಿಯ ಕೈಯಲ್ಲಿ. ಸಂಘಗಳಿಗೆ ಗುತ್ತಿಗೆಯೆಂದು ಕಾಗದದಲ್ಲಿದ್ದರೂ ಹರಾಜಿನ ದಿನ ಕೂಗುವವರು ಯಾರು, ಸಂಘದ ಹೆಸರಿನ ಹಿಂದೆ ಹಣ ಹೂಡಿದವರು ಯಾರು ಎಂಬುದು ಊರಿನವರಿಗೆಲ್ಲ ಗೊತ್ತು. ಬಲೆ ಬೀಸುವ ಬೆಸ್ತರು ಕೊನೆಗೆ ಕೂಲಿಯವರು.

ಈಗ ಆ ಎಂಟು ಮೀನಿನ ಲೆಕ್ಕಕ್ಕೆ ಬರೋಣ. ಜಿಲೇಬಿಯ ಮರಿಯನ್ನು ಗುತ್ತಿಗೆದಾರರು ಕೊಂಡು ತಂದಿಲ್ಲ. ತಾವು ಬಿಟ್ಟ ಕಾಟ್ಲಾ ಮರಿಯ ಮೇವನ್ನು ಜಿಲೇಬಿ ತಿಂದು ಮುಗಿಸುತ್ತದೆಂದು ಅವರೇ ಇಲಾಖೆಗೆ ಅರ್ಜಿ ಬರೆದುಕೊಳ್ಳುತ್ತಾರೆ. ಹಾಗಿದ್ದಲ್ಲಿ ಅದನ್ನು ಹಿಡಿದ ಹುಡುಗರು ಮಾಡಿದ್ದು ಕಳವೋ, ಗುತ್ತಿಗೆದಾರರಿಗೆ ಬಿಟ್ಟಿ ಚಾಕರಿಯೋ? ಕರಾರಿನಲ್ಲಿ ಕೆರೆಯ ಮೀನೆಲ್ಲ ಅವರದೆಂದು ಬರೆದಿರಬಹುದು. ಕೆನ್ನೆಗೆ ಹೊಡೆಯುವ ಹಕ್ಕನ್ನು ಯಾವ ಕರಾರೂ ಬರೆದುಕೊಟ್ಟಿಲ್ಲ.

ನಮ್ಮನ್ನು ಈಗಲೂ ಮೇಷ್ಟ್ರೇ ಎಂದೇ ಕರೆಯುವ ಒಬ್ಬ ಮುದುಕಿ ಸಂತೆಯಲ್ಲಿ ಈ ಮೀನು ಮಾರುತ್ತಾಳೆ. ಈ ವಿಷಯ ಬರೆಯುತ್ತೇವೆಂದಾಗ ಅವಳು ಹೇಳಿದ್ದು: “ಮೇಷ್ಟ್ರೇ, ಕಾಟ್ಲಾ ನಮ್ ಕೇರಿಗೆ ಯಾವತ್ತು ಬಂದದೆ? ಅದು ಬೆಂಗ್ಳೂರು ಲಾರಿಗೆ. ನಮ್ಗೆ ಇದೇ ಮೀನು. ಇದು ಕೆಟ್ಟದ್ದು ಅಂತ ನೀವು ಬರೆದ್ರೆ ನನ್ ಬುಟ್ಟೀನ ಯಾರು ಕೊಳ್ತಾರೆ?” ಕೆಟ್ಟದ್ದೆಂದು ನಾವು ಬರೆಯುವುದಿಲ್ಲ. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಸಸಾರಜನಕ, ಕೊಬ್ಬು 2 ಗ್ರಾಮಿಗಿಂತ ಕಡಿಮೆ. ಕಾಟ್ಲಾ, ರೋಹುಗಳ ಮಾಂಸದೊಳಗೆ ಹುದುಗಿರುವ ಕವಲು ಮುಳ್ಳು ಇದರಲ್ಲಿಲ್ಲವಾಗಿ ಮಕ್ಕಳಿಗೆ ಧೈರ್ಯದಿಂದ ಕೊಡಬಹುದು. ಕೆಸರಿನ ವಾಸನೆ ಎನ್ನುವವರು ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆದು, ಉಪ್ಪು ಹುಣಿಸೆ ಹಚ್ಚಿ ತೊಳೆದು ನೋಡಲಿ. ಮುದ್ದೆಗೆ ಇದರ ಸಾರು ಯಾವ ಮೀನಿನ ಸಾರಿಗೂ ಕಡಿಮೆಯಲ್ಲವೆಂದು ನಾವು ಅನುಭವದಿಂದ ಹೇಳಬಲ್ಲೆವು.

ಆದರೆ ತಿನ್ನಲು ಒಳ್ಳೆಯದಾದ ಮಾತ್ರಕ್ಕೆ ಕೆರೆಗೆ ಒಳ್ಳೆಯದಾಗಲಿಲ್ಲ. ಇದನ್ನು ಮುಚ್ಚಿಡುವುದು ಬಡವರ ಪರವಾದ ಮಾತಾಗದು. ರಾಜಸ್ಥಾನದ ಜೈಸಮಂದ್ ಸರೋವರದಲ್ಲಿ ಈ ಮೀನು ಸೇರಿದ ಮೇಲೆ ದೊಡ್ಡ ಗೆಂಡೆಗಳ ಸರಾಸರಿ ತೂಕವೇ ಇಳಿದುಹೋಯಿತು, ಮಹಶೀರ್ ಮೀನು ಅಳಿವಿನ ಅಂಚಿಗೆ ಬಂತು. ತಮಿಳುನಾಡಿನ ಅಮರಾವತಿ ಜಲಾಶಯದಲ್ಲಿ ಬಲೆಗೆ ಬೀಳುವುದರಲ್ಲಿ ಇದೇ ಮುಖ್ಯವಾಯಿತು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. (ವಿಚಿತ್ರವೆಂದರೆ, ತನ್ನ ತವರಿನಲ್ಲಿ ಇದೇ ಮೀನು ಅಪಾಯದಲ್ಲಿದೆ. ಅಲ್ಲಿಗೆ ಜನ ತಂದು ಬಿಟ್ಟ ನೈಲ್ ನದಿಯ ಟಿಲಾಪಿಯಾ ಇದರೊಡನೆ ಬೆರೆತು ಜಾತಿಯೇ ಕಲೆಸಿಹೋಗುತ್ತಿದೆ.) ನಮ್ಮ ಕಡೆಯ ಮುದುಕರನ್ನು ಕೇಳಿದರೆ ಪಕ್ಕೆ, ಗಿರ್ಲು, ಕೊರವ, ಹಾವುಮೀನು ಎಂದು ಹೆಸರುಗಳನ್ನು ಹೇಳುತ್ತಾರೆ, ಹುಡುಗರಿಗೆ ಗೊತ್ತಿರುವುದು ಮೂರೋ ನಾಲ್ಕೋ. ಪಕ್ಕೆ, ಗಿರ್ಲುಗಳನ್ನು ಯಾರೂ ಬಿತ್ತಬೇಕಾಗಿರಲಿಲ್ಲ, ಮೊದಲ ಮಳೆಗೆ ಗದ್ದೆಯ ಕಾಲುವೆಯಲ್ಲೇ ಸಿಗುತ್ತಿದ್ದವು. ಅವು ಹೋದದ್ದಕ್ಕೆ ಜಿಲೇಬಿಯೊಂದೇ ಕಾರಣವೆನ್ನುವುದು ಅನ್ಯಾಯ. ಕೆರೆಗಳು ವರ್ಷಗಟ್ಟಲೆ ಒಣಗಿದವು, ರಾಜಕಾಲುವೆಗಳು ಒತ್ತುವರಿಯಾದವು, ಗದ್ದೆಗೆ ವಿಷ ಬಿತ್ತು. ಬಡಕಲಾದ ಮನೆಗೆ ಕೊನೆಯಲ್ಲಿ ನುಗ್ಗಿದ್ದು ಜಿಲೇಬಿ.

ಸಂಖ್ಯೆ ಮಿತಿಮೀರಿದ ಕೆರೆಯಲ್ಲಿ ಈ ಮೀನು ತನಗೇ ಶತ್ರುವಾಗುತ್ತದೆ. ಮೇವು ಸಾಲದೆ ಬೆಳವಣಿಗೆ ನಿಂತು, ಬೆರಳುದ್ದಕ್ಕೇ ಮರಿ ಹಾಕತೊಡಗುತ್ತದೆ. ಬಲೆ ತುಂಬ ಮೀನು, ಮಾರಲು ಒಂದೂ ಯೋಗ್ಯವಲ್ಲ.

ಸಿಂಹಳದ ಉದಾಹರಣೆ ಇದಕ್ಕೆ ವ್ಯತಿರಿಕ್ತ. ನಮ್ಮಂತೆಯೇ ಪ್ರಾಚೀನ ಕೆರೆಗಳ ನಾಡು ಅದು. ಪೊಲನ್ನರುವದ ಪರಾಕ್ರಮ ಸಮುದ್ರದಂಥ ಕೆರೆಗಳು ಅಲ್ಲಿವೆ. 1952ರಲ್ಲಿ ಬಿಟ್ಟ ಈ ಮೀನೇ ಅಲ್ಲಿನ ಒಳನಾಡು ಮೀನುಗಾರರ ಜೀವಾಳವಾಯಿತು. 1990ರಿಂದ 1994ರವರೆಗೆ ಅಲ್ಲಿನ ಸರ್ಕಾರ ಒಳನಾಡು ಮೀನುಗಾರಿಕೆಗೆ ಕೊಡುತ್ತಿದ್ದ ಬೆಂಬಲವನ್ನೆಲ್ಲ ನಿಲ್ಲಿಸಿತು. ಬಿತ್ತನೆ ಮರಿಯನ್ನು ನಂಬಿದ್ದ ಮೀನುಗಾರಿಕೆ ಬಿದ್ದುಹೋಯಿತು. ತಾನಾಗಿ ಮರಿ ಮಾಡುವ ಟಿಲಾಪಿಯಾ ಹಿಡಿಯುತ್ತಿದ್ದವರು ಬದುಕಿಕೊಂಡರು. ಸರ್ಕಾರ ಕೈಬಿಟ್ಟಾಗ ಕೈಹಿಡಿದ ಮೀನನ್ನು ಬರಿಯ ಪಿಡುಗೆಂದು ಬಯ್ಯಲು ನಮಗೆ ನಾಲಿಗೆ ಬಾರದು. ಅಲ್ಲಿ ಆ ಮೀನನ್ನು ಸಾವಿರಾರು ಸಣ್ಣ ದೋಣಿಗಳು ಎಡೆಬಿಡದೆ ಹಿಡಿಯುತ್ತ ಬಂದಿವೆಯೆಂಬುದೂ ನೆನಪಿರಲಿ. ನಮ್ಮಲ್ಲಿ ವರ್ಷಕ್ಕೊಮ್ಮೆ ದೊಡ್ಡ ಬಲೆ ಹಾಕಿ ದೊಡ್ಡ ಮೀನು ಎತ್ತಿಕೊಂಡು, ಉಳಿದ ದಿನ ಕಾವಲಿಡುತ್ತಾರೆ. ಜಿಲೇಬಿಗೆ ಇದಕ್ಕಿಂತ ಸುಖದ ಏರ್ಪಾಡು ಬೇರೆ ಉಂಟೆ?

ಪರದೇಶಿ ಮೀನು ಎಂದು ಈಚೆಗೆ ಸಭೆಗಳಲ್ಲಿ ಗುಡುಗುವ ಮಹಾಶಯರಿಗೆ ಒಂದು ಮಾತು. ಕಾವೇರಿ ಸೀಮೆಯ ಕೆರೆಗಳಿಗೆ ಕಾಟ್ಲಾ, ರೋಹು ಸಹ ಹೊರಗಿನಿಂದ ತಂದವೇ. ರೋಹು ಗಂಗೆಯ ಕಡೆಯದು. ಲಾಭ ಕೊಡುವ ಪರಸ್ಥಳದವನಿಗೆ ಮನ್ನಣೆ, ಬಡವರ ಬುಟ್ಟಿಗೆ ಬೀಳುವವನಿಗೆ ಬಹಿಷ್ಕಾರ!

ಇದೀಗ ಹೊಸ ಅಧ್ಯಾಯ ತೆರೆದಿದೆ. 1988ರಲ್ಲಿ ಫಿಲಿಪೈನ್ಸ್‌ನಲ್ಲಿ ಆರಂಭವಾದ ಕೆಲಸದಿಂದ ನೈಲ್ ಟಿಲಾಪಿಯಾದ ಸುಧಾರಿತ ತಳಿ, ಗಿಫ್ಟ್ ಎಂಬುದು, ಸಿದ್ಧವಾಯಿತು. ಬೇಗ ಬೆಳೆಯುವ, ತೂಕದ ಮೀನು. ನಮ್ಮ ದೇಶದಲ್ಲಿ ಅದರ ಸಾಕಣೆಗೆ ಅನುಮತಿಯುಂಟು, ಷರತ್ತುಗಳೂ ಉಂಟು: ಪರವಾನಗಿ ಬೇಕು, ಗಂಡು ಮರಿಗಳನ್ನೇ ಬಿಡಬೇಕು, ನೀರು ಹೊರಬೀಳುವ ಕಡೆ ಜಾಲರಿ ಕಟ್ಟಬೇಕು. ಮರಿಗಳಿಗೆ ಮೊದಲ ಕೆಲವು ವಾರ ಹಾರ್ಮೋನು ಬೆರೆಸಿದ ಮೇವು ಹಾಕಿ ಗಂಡಾಗಿಸುತ್ತಾರೆ. ನೂರಕ್ಕೆ ನೂರೂ ಗಂಡಾಗುತ್ತವೆಂಬ ಭರವಸೆ ಯಾವ ಸಾಕಣೆದಾರರೂ ಕೊಡಲಾರರು. ಒಂದು ಜೋರು ಮಳೆಗೆ ಹೊಂಡ ಕೋಡಿಬಿದ್ದರೆ ಜಾಲರಿ ಎಲ್ಲಿ, ಷರತ್ತು ಎಲ್ಲಿ? ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲಿ ನಿಷೇಧಿಸಿದರು. ಆ ಮೇಲೂ ಅದು ಎಷ್ಟು ಹೊಂಡಗಳಲ್ಲಿ ಕದ್ದು ಬೆಳೆಯಿತೆಂದು ಪತ್ರಿಕೆ ಓದುವವರೆಲ್ಲ ಬಲ್ಲರು. ಮುಚ್ಚಿದ ಹೊಂಡದಲ್ಲಿ ಸಣ್ಣ ರೈತರು ಗಿಫ್ಟ್ ಸಾಕುವುದಕ್ಕೆ ನಮ್ಮ ಅಡ್ಡಿಯಿಲ್ಲ. ಹೊಳೆಗೆ ಸೇರುವ ಕೆರೆ, ಜಲಾಶಯಗಳಿಗೆ ಅದನ್ನು ತರಕೂಡದು. 1952ರ ತಪ್ಪನ್ನು ತಿಳಿದೂ ತಿಳಿದೂ ಎರಡನೆಯ ಸಲ ಮಾಡಬಾರದು.

ನಮ್ಮ ಕೋಲಾರ ಜಿಲ್ಲೆಗೆ ಇದಕ್ಕೂ ಹತ್ತಿರದ ಚಿಂತೆ ಬೇರೊಂದಿದೆ. ಕೊಳವೆ ಬಾವಿ ಸಾವಿರ ಅಡಿ ದಾಟಿದ ಈ ನೆಲಕ್ಕೆ 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರು ಎರಡು ಹಂತದ ಶುದ್ಧೀಕರಣವಾಗಿ ಹರಿದು ಬಂತು. ಜುಲೈನಲ್ಲಿಯೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಉಚ್ಚ ನ್ಯಾಯಾಲಯದ ತಡೆಯೂ ಆಗಿತ್ತು. ಮುಂದೆ ಸರ್ವೋಚ್ಚ ನ್ಯಾಯಾಲಯದಿಂದ ದಾರಿ ತೆರೆಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಕೂಗುತ್ತಲೇ ಬಂದರು. ಒಣಗಿದ್ದ ಕೆರೆಗೆ ನೀರು ಕಂಡು ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. ಆದರೆ ಕೊಳಕು ನೀರಿನಲ್ಲಿ ಬೇರೆ ಮೀನು ಬಾಯಿ ತೆರೆದು ಸಾಯುವಲ್ಲಿ ಜಿಲೇಬಿ ಬದುಕುತ್ತದೆ. ಮೀನು ಬದುಕಿದೆಯೆಂದರೆ ನೀರು ಚೆನ್ನಾಗಿದೆಯೆಂದು ಅರ್ಥವಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಮೀನಿನ ಮೈಯಲ್ಲಿ, ಅದರಲ್ಲೂ ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುತ್ತವೆ. ಆ ಮೀನು ತಿನ್ನುವವರು ವಿಧಾನಸೌಧದವರಲ್ಲ, ನಮ್ಮ ಮುದುಕಿಯ ಗಿರಾಕಿಗಳು. ಆದ್ದರಿಂದ ಈ ಕೆರೆಗಳ ಮೀನಿನ ಮಾಂಸವನ್ನು ವರ್ಷಕ್ಕೆರಡು ಸಲವಾದರೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ, ಪಂಚಾಯತಿಯ ಗೋಡೆಯ ಮೇಲೆ ಬರೆಯಬೇಕೆಂದು ಕೇಳುತ್ತೇವೆ. ಒಳ್ಳೆಯದೆಂದು ಬಂದರೆ ನಮಗಿಂತ ಸಂತೋಷಪಡುವವರಿಲ್ಲ.

ಉಳಿದ ಬೇಡಿಕೆ ದೊಡ್ಡದೇನಲ್ಲ. ಕೆರೆಯಿಂದ ಜಿಲೇಬಿಯನ್ನು ಬೇರುಸಹಿತ ಕಿತ್ತೊಗೆಯುವುದು ಇನ್ನು ಯಾರಿಂದಲೂ ಆಗದು. ಅದನ್ನು ತಗ್ಗಿಸುವ ದಾರಿ ಹಿಡಿದು ತಿನ್ನುವುದೇ. ಗಾಳಕ್ಕೆ, ಬೀಸುಬಲೆಗೆ ಬೀಳುವ ಜಿಲೇಬಿಯನ್ನು ಊರವರು ವರ್ಷವಿಡೀ, ಸಣ್ಣದು ದೊಡ್ಡದೆನ್ನದೆ, ಹಿಡಿದುಕೊಳ್ಳಬಹುದೆಂದು ಗುತ್ತಿಗೆಯ ಕರಾರಿನಲ್ಲಿಯೇ ಸೇರಿಸಲಿ. ಸಣ್ಣದರ ಕೊಳ್ಳುವವರಿಲ್ಲವೆಂದರೆ ಒಣಗಿಸಿ ಕೋಳಿಮೇವಿಗೆ ಕೊಡಲಿ. ಮರಿಯನ್ನು ತಿಂದು ತಗ್ಗಿಸುವ ಕೊರವ ಮೀನನ್ನು ಇಲಾಖೆಯವರು ಕಾಟ್ಲಾ ಮರಿಯಷ್ಟೇ ಆಸಕ್ತಿಯಿಂದ ಬೆಳೆಸಿ ಸಂಘಗಳಿಗೆ ಕೊಡಲಿ. ಸಂಘವೆಂದರೆ ಬಲೆ ಹಿಡಿಯುವವರ, ಬುಟ್ಟಿ ಹೊರುವ ಹೆಂಗಸರ ಸಂಘ. ಲಾರಿ ಮಾಲೀಕರ ಮನೆಯ ಹೆಸರಿನ ಪಟ್ಟಿಯಲ್ಲ.

ಹುಡುಗರ ಗಾಳ ಮತ್ತು ಬುಟ್ಟಿ ಇನ್ನೂ ಆ ಕೆರೆಯ ಕಾವಲು ಶೆಡ್ಡಿನಲ್ಲಿಯೇ ಇವೆ. ದಂಡ ಕಟ್ಟಬೇಡಿರೆಂದು ನಾವು ಹೇಳಿದ್ದೇವೆ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹುಡುಗರ ತಾಯಂದಿರೊಡನೆ ಪಂಚಾಯತಿ ಕಚೇರಿಗೆ ಹೋಗಿ ಗುತ್ತಿಗೆಯ ಕರಾರಿನ ನಕಲು ಕೇಳುತ್ತೇವೆ. ಬರುವ ಓದುಗರು ಸಂತೆಯ ಅರಳಿಕಟ್ಟೆಯ ಬಳಿ ಒಂಬತ್ತೂವರೆಗೆ ಸೇರಬೇಕು.