ಪಾಠದಲ್ಲಿ ನಾನು ಹೇಳದೆ ಬಿಟ್ಟ ಹೆಸರು

ಬೆಳಕಿನ ಪಾಠ ಮಾಡುವಾಗ ಪಠ್ಯಕ್ರಮವನ್ನು ತುಸು ಮೀರಿ ಮಕ್ಕಳಿಗೊಂದು ಪ್ರಯೋಗ ತೋರಿಸುವುದು ನನ್ನ ರೂಢಿಯಾಗಿತ್ತು. ಎರಡು ಪೋಲರಾಯ್ಡ್ ತುಂಡುಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯತ್ತ ಹಿಡಿದು, ಒಂದನ್ನು ಮೆಲ್ಲನೆ ತಿರುಗಿಸುತ್ತಿದ್ದೆ. ಬೆಳಕು ಮಂಕಾಗುತ್ತಾ ಹೋಗಿ, ಕಾಲು ಸುತ್ತು ತಿರುಗುವಷ್ಟರಲ್ಲಿ ಕತ್ತಲಾಗುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಇದರಲ್ಲಿ ನಮ್ಮವರು ಯಾರೂ ಏನೂ ಕಂಡುಹಿಡಿದಿಲ್ಲವೇ?" ಎಂದು ಕೇಳಿದ. "ರಾಮನ್ ಇದ್ದಾರಲ್ಲಪ್ಪ, ಆದರೆ ಅದು ಬೇರೆ ವಿಷಯ. ಇದರಲ್ಲಿ ಯಾರೂ ಇಲ್ಲ" ಎಂದೆ.

ಆ ಉತ್ತರ ತಪ್ಪೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರ. ತಪ್ಪನ್ನು ಇಲ್ಲಿಯಾದರೂ ತಿದ್ದಿಕೊಳ್ಳಬೇಕೆನಿಸಿತು.

ಅವರ ಹೆಸರು ಶಿವರಾಮಕೃಷ್ಣನ್ ಪಂಚರತ್ನಂ. ಹುಟ್ಟಿದ್ದು 1934ರಲ್ಲಿ, ಕಲ್ಕತ್ತೆಯಲ್ಲಿ, ಸಿ. ವಿ. ರಾಮನ್ನರಿಗೆ ಸೋದರಳಿಯ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೂಲಕ ಧ್ರುವೀಕೃತ ಬೆಳಕು ಹೇಗೆ ಸಾಗುತ್ತದೆಂಬುದನ್ನು ಅಭ್ಯಸಿಸುತ್ತಿದ್ದ ಈ ತರುಣ, 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬೆಳಕಿನ ವ್ಯತಿಕರಣವನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಆಗ ಅವರ ವಯಸ್ಸು 22.

ಅದರ ಸಾರವನ್ನು ಒಂದು ಹೋಲಿಕೆಯಿಂದ ಹೇಳಲು ಯತ್ನಿಸುತ್ತೇನೆ. ಉತ್ತರ ಧ್ರುವದಲ್ಲಿ ಒಬ್ಬ ಮನುಷ್ಯ ಕೋಲೊಂದನ್ನು ಮುಂದಕ್ಕೆ ಚಾಚಿ ಹಿಡಿದು ಹೊರಟಿದ್ದಾನೆಂದು ಭಾವಿಸಿ. ನೇರ ಭೂಮಧ್ಯರೇಖೆಗೆ ಇಳಿಯುತ್ತಾನೆ. ಅಲ್ಲಿಂದ ಕೋಲನ್ನು ತಿರುಗಿಸದೆ ಪಕ್ಕಕ್ಕೆ ಭೂಮಿಯ ಕಾಲು ಸುತ್ತು ನಡೆಯುತ್ತಾನೆ. ಬಳಿಕ ಹಾಗೆಯೇ ಹಿಂಬದಿಗೆ ಹೆಜ್ಜೆಯಿಡುತ್ತಾ ಧ್ರುವಕ್ಕೆ ಮರಳುತ್ತಾನೆ. ದಾರಿಯಲ್ಲೆಲ್ಲೂ ಕೋಲನ್ನು ತಿರುಗಿಸಲಿಲ್ಲ. ಆದರೂ ಹೊರಟಾಗಿನ ದಿಕ್ಕಿಗೂ ಈಗಿನ ದಿಕ್ಕಿಗೂ 90 ಡಿಗ್ರಿ ವ್ಯತ್ಯಾಸ! ನಡೆದ ನೆಲ ದುಂಡಾಗಿರುವುದೇ ಇದಕ್ಕೆ ಕಾರಣ. ಬೆಳಕಿನ ಧ್ರುವೀಕರಣದ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಬೆಳಕನ್ನು ಅಂಥ ಮೂರು ಸ್ಥಿತಿಗಳ ಮೂಲಕ ಹಾಯಿಸಿ ಮೊದಲಿನ ಸ್ಥಿತಿಗೇ ತಂದರೂ ಅದರ ಪ್ರಾವಸ್ಥೆ ಬದಲಾಗಿರುತ್ತದೆ, ಆ ಬದಲಾವಣೆಯು ಗೋಳದ ಮೇಲೆ ಸುತ್ತುವರಿದ ತ್ರಿಕೋನದ ಘನಕೋನದ ಅರ್ಧದಷ್ಟು ಎಂದು ಪಂಚರತ್ನಂ ತೋರಿಸಿದರು.

1960ರ ದಶಕದ ಮೊದಲ ಭಾಗದಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರೀಡರ್ ಆಗಿದ್ದರು. ಅನಂತರ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ ಅಲ್ಲಿಯೇ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ.

1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಇಂಥದೇ ಜ್ಯಾಮಿತೀಯ ಪ್ರಾವಸ್ಥೆಯನ್ನು ವಿವರಿಸಿ ಪ್ರಸಿದ್ಧರಾದರು. ಇದರ ಒಂದು ರೂಪ 1956ರಲ್ಲೇ ಬೆಂಗಳೂರಿನಲ್ಲಿ ಸಿದ್ಧವಾಗಿತ್ತೆಂದು 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ತೋರಿಸಿಕೊಟ್ಟರು. ಮರುವರ್ಷ ಬೆರ್ರಿಯವರೇ ಪಂಚರತ್ನಂ ಅವರ ಕೆಲಸವನ್ನು ಕುರಿತು ಪ್ರಬಂಧ ಬರೆದು ಗೌರವ ಸಲ್ಲಿಸಿದರು. ಇಂದು ದ್ರವಹರಳುಗಳನ್ನು ಬಳಸಿ, ಉಬ್ಬುತಗ್ಗುಗಳಿಲ್ಲದ ತೆಳು ಮಸೂರಗಳನ್ನು ಇದೇ ತತ್ತ್ವದ ಮೇಲೆ ತಯಾರಿಸುತ್ತಾರೆ. ಅವಕ್ಕೆ ಇಬ್ಬರ ಹೆಸರೂ ಸೇರಿದೆ.

ಇಂಥ ಕಥೆಗಳನ್ನು ಹೇಳುವಾಗ ಪರದೇಶದವರು ನಮ್ಮನ್ನು ಕಡೆಗಣಿಸಿದರೆಂದು ದೂರುವುದು ವಾಡಿಕೆ. ಈ ಪ್ರಸಂಗದಲ್ಲಿ ಆ ದೂರು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಬೆರ್ರಿ ತಿಳಿದೊಡನೆ ಒಪ್ಪಿಕೊಂಡರು. ಮೈಸೂರಿನಲ್ಲಿಯೇ ಬಿ.ಎಸ್ಸಿ. ಓದಿದ ನಾನು, ಅದೇ ಊರಿನಲ್ಲಿ ಪಾಠ ಹೇಳಿದವರ ಹೆಸರನ್ನು ನಿವೃತ್ತನಾಗುವವರೆಗೂ ಕೇಳಿರಲಿಲ್ಲ. ನನ್ನ ಅಜ್ಞಾನ ನನ್ನದೇ. ಆದರೂ ನಾನು ಓದಿದ, ಓದಿಸಿದ ಪಠ್ಯಪುಸ್ತಕಗಳು ಅದನ್ನು ನೀಗಿಸಲು ನೆರವಾಗಲಿಲ್ಲವೆಂಬುದೂ ನಿಜ.

ಒಂದು ಹೆಸರು ಸೇರಿಸಿದ ಮಾತ್ರಕ್ಕೆ ಮಕ್ಕಳಿಗೇನು ಲಾಭ ಎಂದು ಕೇಳುವವರಿದ್ದಾರೆ. ಪರೀಕ್ಷೆಯಲ್ಲಿ ಒಂದು ಅಂಕವೂ ಹೆಚ್ಚಲಾರದು, ಒಪ್ಪುತ್ತೇನೆ. ಆದರೆ ಹರಳುಗಳನ್ನು ತಾಳ್ಮೆಯಿಂದ ನೋಡುತ್ತಾ ಕುಳಿತ 22ರ ಹುಡುಗನೊಬ್ಬ ಬೆಂಗಳೂರಿನಲ್ಲಿದ್ದೇ ಅಂಥ ಕೆಲಸ ಮಾಡಿದನೆಂದು ತಿಳಿದ ಮಗು, ವಿಜ್ಞಾನವೆಂದರೆ ಬೇರೆಲ್ಲೋ ನಡೆಯುವ ವ್ಯವಹಾರವೆಂದು ಭಾವಿಸುವುದಿಲ್ಲ. ಪ್ರಬಂಧಗಳ ಸಂಖ್ಯೆಯಿಂದ ಬಡ್ತಿಯನ್ನು ಲೆಕ್ಕ ಹಾಕುವ ಹಿರಿಯರೂ ಇದನ್ನು ನೆನೆಯುವುದು ಒಳ್ಳೆಯದು. ಮೂರು ದಶಕ ಹೆಚ್ಚಿನವರ ಗಮನಕ್ಕೆ ಬಾರದಿದ್ದ ಆ ಪ್ರಬಂಧ ಅವರ ಲೆಕ್ಕದಲ್ಲಿ ಕೇವಲ ಒಂದಾಗುತ್ತಿತ್ತು.

ನನ್ನಲ್ಲಿ ಆ ಪೋಲರಾಯ್ಡ್ ತುಂಡುಗಳು ಇನ್ನೂ ಇವೆ. ಈಗ ಪಾಠ ಹೇಳುತ್ತಿರುವ ಅಧ್ಯಾಪಕ ಮಿತ್ರರು ಇದನ್ನು ಓದುತ್ತಿದ್ದರೆ ನನ್ನದೊಂದು ವಿನಂತಿ: ಮುಂದಿನ ಬಾರಿ ಆ ಪ್ರಯೋಗ ತೋರಿಸುವಾಗ, ಯಾರೂ ಕೇಳದಿದ್ದರೂ ಪಂಚರತ್ನಂ ಅವರ ಹೆಸರನ್ನು ಹೇಳಿ. ಅಂದು ಕೇಳಿದ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನ ಕಣ್ಣಿಗೆ ಇದು ಬಿದ್ದರೆ, ಮೇಷ್ಟ್ರು ಉತ್ತರ ತಿದ್ದಿಕೊಂಡಿದ್ದಾರೆಂದು ತಿಳಿಯಲಿ.