ನಿಂತಲ್ಲೇ ಅಬ್ಬರಿಸುವ ಎಂಜಿನ್

ಭಾನುವಾರದ ಬೆಳಿಗ್ಗೆ. ಷೆಡ್ಡಿನಲ್ಲಿ ಬಹುಕಾಲ ನಿಂತಿದ್ದ ತಾತನ ಯೆಜ್ಡಿಯನ್ನು ತಂದೆ, ಮಗ ಇಬ್ಬರೂ ಸೇರಿ ಅಂಗಳಕ್ಕೆ ತಂದಿದ್ದಾರೆ. ನಾಲ್ಕಾರು ಕಿಕ್ ಹೊಡೆದ ಮೇಲೆ ಎಂಜಿನ್ ಸ್ಟಾರ್ಟ್ ಆಯಿತು. ಆದರೆ ಐದು ನಿಮಿಷ ಓಡಿ ಬಿಸಿಯಾದ ಮೇಲೂ, ಎಕ್ಸಲರೇಟರನ್ನು ಪೂರ್ತಿ ಬಿಟ್ಟರೂ ಅದರ ಅಬ್ಬರ ಇಳಿಯಲಿಲ್ಲ. ಮಗ ಸ್ಕ್ರೂಡ್ರೈವರ್ ತಂದು ಕಾರ್ಬೊರೇಟರಿನ ಐಡ್ಲಿಂಗ್ ತಿರುಪನ್ನು ತಿರುಗಿಸಿದ. ಸದ್ದು ತಗ್ಗಿತು. ‘ಸರಿಹೋಯ್ತು ಅಪ್ಪಾ!’ ಎಂದ.

ನಿಜವಾಗಿ ಸರಿಹೋಯಿತೇ? ಜ್ವರ ಬಂದ ಮಗುವಿನ ಥರ್ಮಾಮೀಟರನ್ನು ಜೋರಾಗಿ ಕೊಡವಿದರೆ ಪಾದರಸ ಇಳಿಯುತ್ತದೆ, ಜ್ವರ ಇಳಿಯುವುದಿಲ್ಲ. ಇಲ್ಲಿ ಆಗಿರುವುದೂ ಅದೇ ಇರಬಹುದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ನಮ್ಮ ಊರುಗಳಲ್ಲಿ ಓಡಾಡುತ್ತಿವೆ. ಇವುಗಳದ್ದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಒಳಗೆ ಹೋಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾರ್ಬೊರೇಟರಿನ ಕೆಲಸ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವುದು. ಇಕ್ಕಟ್ಟಾದ ಜಾಗದಲ್ಲಿ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಅದರ ಒತ್ತಡ ಕಡಿಮೆಯಾಗುತ್ತದೆ. 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡೇನಿಯಲ್ ಬರ್ನೌಲಿ ವಿವರಿಸಿದ ತತ್ವವಿದು. ಹೊರಗಿನ ವಾಯುಮಂಡಲದ ಒತ್ತಡ ಪೆಟ್ರೋಲನ್ನು ಸಣ್ಣ ರಂಧ್ರದ ಮೂಲಕ ಆ ಜಾಗಕ್ಕೆ ತಳ್ಳುತ್ತದೆ. ಈ ರಂಧ್ರವೇ ಜೆಟ್. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು.

ಎಕ್ಸಲರೇಟರ್ ಬಿಟ್ಟಾಗ ಗಾಳಿಯ ದಾರಿ ಬಹುತೇಕ ಮುಚ್ಚಿರುತ್ತದೆ. ಆಗ ಎಂಜಿನ್ ನಿಮಿಷಕ್ಕೆ ಸುಮಾರು ಒಂದು ಸಾವಿರ ಸುತ್ತು ತಿರುಗಿದರೆ ಸಾಕು. ಹಾಗಿದ್ದೂ ವೇಗ ಏರುತ್ತಿದೆ ಎಂದರೆ ಎಲ್ಲಿಂದಲೋ ಹೆಚ್ಚು ಗಾಳಿ ಒಳಗೆ ಹೋಗುತ್ತಿದೆ ಎಂಬ ಅನುಮಾನ ಬರಬೇಕು. ಐಡ್ಲಿಂಗ್‌ನಲ್ಲಿ ಮಿಶ್ರಣ ಸಾಮಾನ್ಯವಾಗಿ ತುಸು ಗಟ್ಟಿಯಾಗಿರುತ್ತದೆ. ಅದಕ್ಕೆ ಇನ್ನಷ್ಟು ಗಾಳಿ ಸೇರಿದರೆ ಪೆಟ್ರೋಲ್ ಚೆನ್ನಾಗಿ ಉರಿದು ಎಂಜಿನ್ ಅಬ್ಬರಿಸುತ್ತದೆ.

ಈ ಗಾಳಿ ಬರುವ ದಾರಿಯನ್ನು ಹುಡುಕುವುದು ಹೇಗೆ? ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಅನ್ವಯ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ನೋಡಿ. ಸುಲಭವಾದದ್ದರಿಂದ ಆರಂಭಿಸಿ.

ಮೊದಲು ಚೋಕ್ ಎಳೆದೇ ಉಳಿದಿದೆಯೇ ನೋಡಿ. ಅನಂತರ ಎಂಜಿನ್ ಆರಿಸಿ ಎಕ್ಸಲರೇಟರನ್ನು ತಿರುಗಿಸಿ ಬಿಡಿ. ಒಳಗಿನ ಸ್ಲೈಡ್ ‘ಟಕ್’ ಎಂದು ಕೆಳಗೆ ಕೂರಬೇಕು. ಸದ್ದು ಬಾರದಿದ್ದರೆ ಸ್ಲೈಡೋ ಕೇಬಲ್ಲೋ ಸಿಕ್ಕಿಕೊಂಡಿದೆ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿ. ವೇಗ ಬದಲಾದರೆ ಕೇಬಲ್ ಬಿಗಿಯಾಗಿದೆ, ಸ್ವಲ್ಪ ಸಡಿಲ ಕೊಡಬೇಕು.

ಇವೆಲ್ಲ ಸರಿಯಿದ್ದರೆ, ಕಾರ್ಬೊರೇಟರ್ ಎಂಜಿನ್ನಿಗೆ ಸೇರುವ ಜಾಗಕ್ಕೆ ಬ್ರಷ್ಷಿನಿಂದ ಸ್ವಲ್ಪ ಸಾಬೂನಿನ ನೀರು ಹಚ್ಚಿ. ವೇಗ ಒಂದು ಕ್ಷಣ ಇಳಿದರೆ, ನೀರು ಬಿರುಕನ್ನು ಮುಚ್ಚಿತೆಂದು ಅರ್ಥ. ಅಲ್ಲಿನ ಪ್ಯಾಕಿಂಗ್ ಹಾಳಾಗಿದೆ. ಈ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುವವರೂ ಇದ್ದಾರೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹಾಕುವುದು ಬೆಂಕಿಯನ್ನು ಕರೆದಂತೆ. ಯಾರೇ ಹೇಳಲಿ, ಮಾಡಬೇಡಿ. ಎಂಜಿನ್ನನ್ನು ಬಾಗಿಲು ಮುಚ್ಚಿದ ಷೆಡ್ಡಿನಲ್ಲಿಯೂ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ತೆಗೆಯುವ ಶಕ್ತಿಯಿದೆ.

ಗಾಳಿ ಹೆಚ್ಚಾಗದಿದ್ದರೂ ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ತೆಳುವಾಗುತ್ತದೆ. ಹಳೆಯ ಪೆಟ್ರೋಲ್ ಅಂಟಿನಂತಾಗಿ ಪೈಲಟ್ ಜೆಟ್ಟನ್ನು ಕಟ್ಟಿಬಿಡುವುದುಂಟು. ಅದನ್ನು ತಂತಿಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗುತ್ತದೆ. ತೊಳೆದು ಗಾಳಿ ಊದಿಸುವುದೇ ಸರಿ.

ಇಷ್ಟಾದರೂ ಅಬ್ಬರ ನಿಲ್ಲದಿದ್ದರೆ? ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಹೋಗುತ್ತದೆ. ಅದರ ಎರಡೂ ಬದಿಗೆ ರಬ್ಬರಿನ ಆಯಿಲ್ ಸೀಲ್‌ಗಳಿವೆ. ವಯಸ್ಸಾದಂತೆ ಇವು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಡೈನಮೋ ಕಡೆಯ ಸೀಲ್ ಹೋದರೆ ಗಾಳಿ ನುಗ್ಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಸೇರಿ ದಟ್ಟ ಹೊಗೆ ಬರುತ್ತದೆ. ಇದು ಅಂಗಳದ ಕೆಲಸವಲ್ಲ, ಅನುಭವವಿರುವ ಮೆಕ್ಯಾನಿಕ್ಕಿನದು.

ಈಗ ಮೊದಲಿನ ಮಾತಿಗೆ ಬರೋಣ. ತಿರುಪು ತಿರುಗಿಸಿ ಸದ್ದು ಅಡಗಿಸಿದರೆ ಬಿರುಕು ಹಾಗೆಯೇ ಉಳಿಯುತ್ತದೆ. ರಸ್ತೆಯಲ್ಲಿ ವೇಗವಾಗಿ ಹೋಗುವಾಗ ತೆಳು ಮಿಶ್ರಣ ಎಂಜಿನ್ನನ್ನು ಅತಿಯಾಗಿ ಕಾಯಿಸುತ್ತದೆ. ಪೆಟ್ರೋಲ್ ಕಡಿಮೆ ಎಂದರೆ ಅದರೊಡನೆ ಬರುವ ಎಣ್ಣೆಯೂ ಕಡಿಮೆ. ಹಿಗ್ಗಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಎಂಜಿನ್ ಸೀಜ್ ಆಗುವುದೆಂದರೆ ಇದೇ. ಹಿಂದಿನ ಚಕ್ರ ಥಟ್ಟನೆ ನಿಂತು ಸವಾರ ಬೀಳಬಹುದು. ಆ ಕ್ಷಣಕ್ಕೆ ಕ್ಲಚ್ ಹಿಡಿಯುವುದೊಂದೇ ಉಪಾಯ.

ಅಂಗಳದಲ್ಲಿದ್ದ ತಂದೆಗೆ ಮಗನ ಉತ್ತರ ಸಾಲಲಿಲ್ಲ. ‘ತಿರುಪು ತಾನಾಗಿ ತಿರುಗಿತ್ತೇನೋ? ಇಷ್ಟು ದಿನ ಸರಿಯಾಗಿದ್ದದ್ದು ಈಗೇಕೆ ಕೆಟ್ಟಿತು?’ ಎಂದು ಕೇಳಿದರು. ಮಗ ತಿರುಪನ್ನು ಮೊದಲಿದ್ದಲ್ಲಿಗೆ ತಂದು ಒಂದೊಂದಾಗಿ ಪರೀಕ್ಷಿಸಿದ. ಸಾಬೂನಿನ ನೀರು ತಾಗಿದೊಡನೆ ಸದ್ದು ಕುಗ್ಗಿತು. ಕೆಲವೇ ರೂಪಾಯಿಯ ಪ್ಯಾಕಿಂಗ್ ಸೀಳಿತ್ತು. ಹೊಸದು ಹಾಕಿದ ಮೇಲೆ ಎಂಜಿನ್ ತಾನಾಗಿಯೇ ತಣ್ಣಗೆ ಓಡತೊಡಗಿತು.

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನವೂ ಮನೆಯಲ್ಲಿ ಇದೇ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಸದ್ದು ಅಡಗಿಸುವುದು ಸುಲಭ. ಕಾರಣ ಹುಡುಕಲು ತಾಳ್ಮೆ ಬೇಕು.