ವಿಯೆಂಟಿಯಾನಿನ ಇರುಳು ಮತ್ತು ಮರೆಯ ವ್ಯಾಪಾರ

ಆಗ್ನೇಯ ಏಷ್ಯದ ರಾಜಧಾನಿಗಳಲ್ಲಿ ಲಾವೋಸಿನ ವಿಯೆಂಟಿಯಾನಿನಷ್ಟು ಸಾವಧಾನದ ನಗರ ಮತ್ತೊಂದಿಲ್ಲವೆಂದು ಅಲ್ಲಿಗೆ ಹೋಗಿಬಂದವರೆಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿ ನಿಷ್ಕಾರಣವಾದುದೇನೂ ಅಲ್ಲ. ಮೇಕಾಂಗ್ ಮಹಾನದಿಯ ಎಡದಂಡೆಯಲ್ಲಿ, ಹದಿನಾರನೆಯ ಶತಮಾನದಲ್ಲಿ ಸೇತ್ಥಾತಿರಾತ್ ಅರಸನಿಂದ ರಾಜಧಾನಿಯ ಪದವಿಯನ್ನು ಪಡೆದು, 1828ರಲ್ಲಿ ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ಸೈನ್ಯದ ಕೈಯಲ್ಲಿ ಬೆಂದು ಬೂದಿಯಾಗಿ, ಮುಂದೆ ಫ್ರೆಂಚರ ಆಳ್ವಿಕೆಯಲ್ಲಿ ಮತ್ತೆ ತಲೆಯೆತ್ತಿದ ಈ ಪಟ್ಟಣದಲ್ಲಿ, ಸುತ್ತಣ ಹಳ್ಳಿಗಳನ್ನೂ ಕೂಡಿಸಿ ಎಣಿಸಿದ 2015ರ ಜನಗಣತಿಯ ಹೊತ್ತಿಗೂ ಎಂಟು ಲಕ್ಷಕ್ಕೆ ಸ್ವಲ್ಪ ಮಿಕ್ಕ ಜನರಿದ್ದರು. ಮುಂಜಾನೆ ಕಾವಿಯುಟ್ಟ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಹೊರಡುವ, ಸಂಜೆ ಜನ ನದಿಯತ್ತ ಮುಖಮಾಡಿ ಕುಳಿತು ಸೂರ್ಯಾಸ್ತಮಾನವನ್ನು ನೋಡುವ, ನಡುರಾತ್ರಿಯ ಹೊತ್ತಿಗೆ ಪಾನಗೃಹಗಳ ಬಾಗಿಲು ಮುಚ್ಚಬೇಕೆಂಬ ಕಟ್ಟಳೆಯುಳ್ಳ ಊರು ಅದು. ಬ್ಯಾಂಕಾಕಿನಲ್ಲಿಯೂ ಪಟ್ಟಾಯದಲ್ಲಿಯೂ ಬೀದಿಯುದ್ದಕ್ಕೂ ಬಣ್ಣದ ದೀಪಗಳ ಕೆಳಗೆ ಬಹಿರಂಗವಾಗಿ ನಡೆಯುವ ದೇಹವ್ಯಾಪಾರ ಇಲ್ಲಿ ಕಣ್ಣಿಗೆ ಬೀಳುವುದಿಲ್ಲವಾದ ಕಾರಣ, ಅದು ಇಲ್ಲಿ ಇಲ್ಲವೇ ಇಲ್ಲವೆಂದು ಪ್ರವಾಸಿಗನು ತೀರ್ಮಾನಿಸಿಬಿಡುತ್ತಾನೆ. ಆ ತೀರ್ಮಾನ ತಪ್ಪು. ಮತ್ತು ಆ ತಪ್ಪಿನ ಬೆಲೆಯನ್ನು ತೆರುವವರು ಪ್ರವಾಸಿಗರಲ್ಲ.

ನಗರದಿಂದ ಹೊರಕ್ಕೆ ಹೋಗುವ ರಸ್ತೆಗಳ ಇಕ್ಕೆಲಗಳಲ್ಲಿಯೂ, ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಮಂದವಾದ ಬಣ್ಣದ ದೀಪ, ಹಳದಿ ಪೆಟ್ಟಿಗೆಗಳಲ್ಲಿ ಒಟ್ಟಿದ ಬಿಯರ್‌ಲಾವೊ ಸೀಸೆಗಳು, ಇಷ್ಟರಿಂದಲೇ ಪೂರ್ಣವಾದ ಸಣ್ಣ ಬಿಯರ್ ಅಂಗಡಿಗಳಿವೆ. ಅವುಗಳಲ್ಲಿ ಗಿರಾಕಿಗಳಿಗೆ ಮಂಜುಗಡ್ಡೆ ತಂದುಕೊಟ್ಟು, ಲೋಟ ತುಂಬಿಸಿ, ಪಕ್ಕದಲ್ಲಿ ಕುಳಿತು ಮಾತನಾಡುವ ಕೆಲಸಕ್ಕೆಂದು ನೇಮಕವಾದ ತರುಣಿಯರನ್ನು ಅಲ್ಲಿಯ ಸರ್ಕಾರದ ಆರೋಗ್ಯ ಇಲಾಖೆಯ ಕಾಗದಪತ್ರಗಳು ‘ಸೇವಾ ಮಹಿಳೆಯರು’ ಎಂದು ಕರೆಯುತ್ತವೆ. ಇವರಲ್ಲಿ ಬಹುಮಂದಿ ದೂರದ ಗ್ರಾಮಗಳಿಂದ ಬಂದವರು. ಉತ್ತರದ ಬೆಟ್ಟಸೀಮೆಯ ಖ್ಮು, ಮೋಂಗ್ ಮೊದಲಾದ ಜನಾಂಗಗಳ ಹೆಣ್ಣುಮಕ್ಕಳೂ ಉಂಟು. ಸಂಬಳ ಅಲ್ಪ, ಖರ್ಚಾದ ಸೀಸೆಗಳ ಮೇಲೆ ಒಂದಿಷ್ಟು ಕಮಿಷನ್, ಊಟವೂ ವಸತಿಯೂ ಅಂಗಡಿಯವರದಾದ್ದರಿಂದ ಅವರ ಮಾತನ್ನು ಮೀರುವುದು ಸುಲಭವಲ್ಲ. ಎಲ್ಲರೂ ಗಿರಾಕಿಯೊಡನೆ ಎದ್ದುಹೋಗುವವರಲ್ಲ, ಹೋಗುವವರೂ ದಿನವೂ ಹೋಗುವವರಲ್ಲ. ಆದರೆ ಊರಿನಲ್ಲಿ ತಾಯಿಗೆ ಜಡ್ಡೆಂದೋ, ತಮ್ಮನ ಶಾಲೆಗೆ ಹಣವಿಲ್ಲವೆಂದೋ ಸುದ್ದಿ ಬಂದ ವಾರದಲ್ಲಿ, ಬೇಡವೆಂದುಕೊಂಡಿದ್ದವಳಿಗೂ ಬೇರೆ ದಾರಿ ಕಾಣದೆ ಹೋಗುತ್ತದೆ. ಬಯಲುನಾಡಿನ ಲಾವೊ ಜನರಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ನೆಲಸುವ ಪದ್ಧತಿಯುಂಟು. ಕಿರಿಯ ಮಗಳು ತಂದೆತಾಯಿಗಳೊಡನೆ ಉಳಿದು, ಅವರನ್ನು ಸಾಕಿ, ಮನೆಯನ್ನು ಪಡೆಯುತ್ತಾಳೆ. ಮಗಳೆಂದರೆ ಮನೆಯ ಆಧಾರವೆಂಬ ಈ ಸುಂದರವಾದ ಭಾವನೆಯೇ, ಗದ್ದೆಯ ಬೆಳೆ ಸಾಲದಾದ ಕಾಲದಲ್ಲಿ, ಅವಳನ್ನು ಪಟ್ಟಣದ ಬಿಯರ್ ಅಂಗಡಿಗೆ ತಂದು ನಿಲ್ಲಿಸುತ್ತದೆಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ದುಃಖಕರವಾಗಿ ತೋರುವ ಸಂಗತಿ. ಅವಳು ಕಳುಹಿಸಿದ ಹಣದಿಂದ ಮನೆಗೆ ಹೊಸ ಮಾಡು ಬರುತ್ತದೆ, ಎಂದಿನಂತೆ ದೇವಾಲಯಕ್ಕೆ ದಾನವೂ ಸಲ್ಲುತ್ತದೆ. ಆ ಹಣದ ಮೂಲವನ್ನು ಮಾತ್ರ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಈ ಮೌನ ಲಾವೊ ಜನರ ಸ್ವಭಾವದಲ್ಲಿಯೇ ಇದ್ದದ್ದೆಂದು ಹೇಳುವವರು ಆ ನಗರದ ಚರಿತ್ರೆಯನ್ನು ಮರೆತವರು. 1960ರ ದಶಕದಲ್ಲಿಯೂ ಎಪ್ಪತ್ತರ ಮೊದಲ ವರ್ಷಗಳಲ್ಲಿಯೂ, ಅಮೆರಿಕದ ವಿಮಾನಗಳು ಆ ಪುಟ್ಟ ದೇಶದ ಮೇಲೆ ಇಪ್ಪತ್ತು ಲಕ್ಷ ಟನ್ನಿಗೂ ಮೀರಿದ ಬಾಂಬುಗಳನ್ನು ಸುರಿಸುತ್ತಿದ್ದ ಕಾಲದಲ್ಲಿ, ಯುದ್ಧದ ನೆರಳಿನಲ್ಲಿ ಬಂದು ಸೇರಿದ ವಿದೇಶೀ ವೈಮಾನಿಕರು, ಗೂಢಚಾರರು, ಪತ್ರಕರ್ತರು, ಗುತ್ತಿಗೆದಾರರು ಮೊದಲಾದವರಿಗಾಗಿ ವಿಯೆಂಟಿಯಾನಿನಲ್ಲಿ ‘ವೈಟ್ ರೋಸ್’ನಂಥ ಪಾನಗೃಹಗಳು ಯಾವ ಮರೆಯೂ ಇಲ್ಲದೆ ನಡೆಯುತ್ತಿದ್ದವು. 1975ರ ಡಿಸೆಂಬರಿನಲ್ಲಿ ಅರಸೊತ್ತಿಗೆ ಅಳಿದು ಜನತಾ ಗಣರಾಜ್ಯ ಸ್ಥಾಪಿತವಾದಾಗ, ಹೊಸ ಆಡಳಿತವು ನಗರದ ಪಾಪವನ್ನು ತೊಳೆಯಲು ಹೊರಟು, ಆ ಗೃಹಗಳಲ್ಲಿ ದುಡಿದಿದ್ದ ಹೆಂಗಸರನ್ನು ಹಿಡಿದು, ಉತ್ತರದ ನಾಮ್ ಗುಮ್ ಜಲಾಶಯದ ನಡುವೆ ನೀರು ತುಂಬಿದ ಮೇಲೆ ಉಳಿದುಕೊಂಡಿದ್ದ ಬೆಟ್ಟದ ನೆತ್ತಿಯೊಂದಕ್ಕೆ ಸಾಗಿಸಿತು. ಡೋನ್ ನಾಂಗ್, ಎಂದರೆ ಹೆಂಗಸರ ದ್ವೀಪವೆಂದು ಅದಕ್ಕೆ ಹೆಸರಾಯಿತು. ಅಫೀಮಿನ ಚಟದವರಿಗೂ ಪುಂಡರೆನಿಸಿಕೊಂಡವರಿಗೂ ಮತ್ತೊಂದು ದ್ವೀಪವಿತ್ತು. ನೇಯ್ಗೆಯನ್ನೂ ಹೊಸ ತತ್ತ್ವವನ್ನೂ ಕಲಿಸಿ ಅವರನ್ನು ತಿದ್ದುವುದೆಂಬುದು ಅಧಿಕಾರಿಗಳ ಸಂಕಲ್ಪ. ಆ ಹೆಂಗಸರಿಗೆ ಹಣ ಕೊಟ್ಟವರಿಗಾಗಿಯೂ, ಅವರ ದುಡಿಮೆಯಿಂದ ಶ್ರೀಮಂತರಾದ ಒಡೆಯರಿಗಾಗಿಯೂ ಯಾವ ದ್ವೀಪವೂ ಮೀಸಲಾಗಲಿಲ್ಲ. ಒಂದು ಕ್ರಾಂತಿ, ಅದೂ ಸಮಾನತೆಯ ಹೆಸರಿನಲ್ಲಿ ನಡೆದ ಕ್ರಾಂತಿ, ಪಾಪದ ಲೆಕ್ಕವನ್ನೆಲ್ಲ ಹೆಣ್ಣಿನ ಹೆಸರಿನಲ್ಲಿಯೇ ಬರೆದಿಟ್ಟಿತೆಂಬುದನ್ನು ನಾವು ಮರೆಯಲಾಗದು; ಏಕೆಂದರೆ ಇಂದಿನ ಕಾನೂನಿನ ಮನೋಧರ್ಮವೂ ಅದರಿಂದ ಬಹಳ ದೂರ ಬಂದಿಲ್ಲ.

1986ರಲ್ಲಿ ಸರ್ಕಾರ ಮಾರುಕಟ್ಟೆಯ ಕಡೆ ತಿರುಗಿತು. 1994ರಲ್ಲಿ ಆಸ್ಟ್ರೇಲಿಯದ ಧನಸಹಾಯದಿಂದ ಮೇಕಾಂಗಿಗೆ ಮೈತ್ರಿಸೇತುವೆ ಬಂದು, ಆಚೆಯ ನೊಂಗ್‌ಖಾಯ್ ಪಟ್ಟಣವೂ ಅದರ ಬೆನ್ನಿಗೆ ಇಡೀ ಥಾಯ್ಲೆಂಡೂ ಹತ್ತಿರವಾದವು. ನದೀತೀರದಲ್ಲಿ ಚಾಪೆ ಹಾಸಿಕೊಂಡು ಸುಟ್ಟ ಮೀನನ್ನೂ ಬಿಯರನ್ನೂ ಮಾರುತ್ತಿದ್ದ ಹಳೆಯ ಅಂಗಡಿಗಳು, ರಾಜಧಾನಿಯ 450ನೆಯ ವರ್ಷದ ಉತ್ಸವ ನಡೆದ 2010ರ ಹೊತ್ತಿಗೆ ಎದ್ದುಹೋಗಿ, ಕಟ್ಟಿದ ದಡವೂ ಚಾವ್ ಅನುವೊಂಗ್ ಅರಸನ ಪ್ರತಿಮೆಯುಳ್ಳ ಉದ್ಯಾನವೂ ರಾತ್ರಿಯ ಸಂತೆಯೂ ಬಂದವು. ಸಂಜೆ ಅಲ್ಲಿ ಗೃಹಿಣಿಯರು ಸಂಗೀತಕ್ಕೆ ಸರಿಯಾಗಿ ವ್ಯಾಯಾಮ ಮಾಡುವುದನ್ನೂ, ಮಕ್ಕಳು ಓಡಾಡುವುದನ್ನೂ ಕಂಡರೆ ಈ ಬದಲಾವಣೆಯನ್ನು ಕೆಟ್ಟದ್ದೆನ್ನಲು ಬಾಯಿ ಬಾರದು. 2021ರ ಡಿಸೆಂಬರಿನಲ್ಲಿ ಚೀನದ ಕುನ್‌ಮಿಂಗಿನಿಂದ ರೈಲುಮಾರ್ಗ ಬಂದು ಮುಟ್ಟಿದ ಮೇಲಂತೂ ನಗರದ ಇರುಳಿನ ಗಾತ್ರವೇ ಬೇರೆಯಾಯಿತು: ಚೀನೀ ಲಿಪಿಯ ಫಲಕಗಳನ್ನು ಹೊತ್ತ ಕರೋಕೆ ಮನೆಗಳು, ಅವುಗಳೊಳಗೆ ಕಿಟಕಿಯಿಲ್ಲದ ಸಣ್ಣ ಕೋಣೆಗಳು. ಬಿಯರ್ ಅಂಗಡಿ ಎಷ್ಟಾದರೂ ರಸ್ತೆಗೆ ತೆರೆದುಕೊಂಡದ್ದು. ಹಾದುಹೋಗುವವರ ಕಣ್ಣು ಅಲ್ಲಿ ಒಂದು ಕಾವಲಾಗಿತ್ತು. ಕರೋಕೆಯ ಕೋಣೆಗೆ ಆ ಕಾವಲಿಲ್ಲ. ಮೊಬೈಲ್ ಫೋನಿನಲ್ಲಿ ಕುದುರಿದ ಒಪ್ಪಂದಕ್ಕೆ ಸಾಕ್ಷಿಯೇ ಇಲ್ಲ.

ಇದೇ ಕಾಲದಲ್ಲಿ ದೇಶದ ನಾಣ್ಯ ಕುಸಿಯಿತು. ಡಾಲರೊಂದಕ್ಕೆ ಒಂಬತ್ತು ಸಾವಿರದಷ್ಟಿದ್ದ ಕಿಪ್ ಎರಡು ಮೂರು ವರ್ಷಗಳೊಳಗೆ ಇಪ್ಪತ್ತು ಸಾವಿರವನ್ನು ದಾಟಿತು. 2023ರ ಫೆಬ್ರವರಿಯಲ್ಲಿ ಹಣದುಬ್ಬರ ಶೇಕಡ 41ಕ್ಕೆ ಏರಿತು. ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸದಿಂದ ಬದುಕುತ್ತಿದ್ದ ಹುಡುಗಿಗೆ ಆ ಸಂಬಳದಿಂದ ಊಟವೂ ಬಾಡಿಗೆಯೂ ಸಾಗದ ಸ್ಥಿತಿ ಬಂದರೆ, ಅವಳ ಮುಂದೆ ಉಳಿಯುವುದು ಸೇತುವೆ ದಾಟಿ ಥಾಯ್ಲೆಂಡಿಗೆ ಹೋಗುವ ದಾರಿ ಒಂದು, ಇರುಳಿನ ಕೆಲಸದ ದಾರಿ ಮತ್ತೊಂದು. ಹಣವಂತನಾದ ವಿದೇಶೀಯನೊಬ್ಬನೇ ಈ ವ್ಯಾಪಾರಕ್ಕೆ ಕಾರಣನೆಂಬ ನಂಬಿಕೆಯೂ ಸಮಂಜಸವಲ್ಲ. ಬಿಯರ್ ಅಂಗಡಿಗಳ ಗಿರಾಕಿಗಳಲ್ಲಿ ಬಹುಪಾಲು ಲಾವೊ ಗಂಡಸರೇ.

ಕಾನೂನು ಏನೆನ್ನುತ್ತದೆ? ಲಾವೋಸಿನ ದಂಡಸಂಹಿತೆಯಲ್ಲಿ ವೇಶ್ಯಾವೃತ್ತಿ ಅಪರಾಧ. ಅದಲ್ಲದೆ, ವಿವಾಹಬಂಧನವಿಲ್ಲದೆ ವಿದೇಶೀಯನೊಡನೆ ಲಾವೊ ಪ್ರಜೆಗೆ ದೇಹಸಂಬಂಧ ನಿಷಿದ್ಧ. ಗ್ರಾಮದ, ನಗರದಲ್ಲಾದರೆ ಮೊಹಲ್ಲೆಯ, ಮುಖಂಡನಾದ ‘ನಾಯ್ ಬಾನ್’ ತನ್ನ ಮೇರೆಯೊಳಗೆ ಯಾರು ಬಂದು ಉಳಿದರು, ಯಾರು ಹೋದರೆಂಬುದನ್ನೆಲ್ಲ ತಿಳಿದಿರತಕ್ಕವನು. ಇಷ್ಟು ಕಣ್ಣುಗಳಿರುವ ಊರಿನಲ್ಲಿ ಒಂದು ವ್ಯಾಪಾರ ದಶಕಗಳ ಕಾಲ ನಿರಾತಂಕವಾಗಿ ನಡೆಯುತ್ತಿದೆಯೆಂದರೆ, ಅದು ಯಾರಿಗೂ ಗೊತ್ತಿಲ್ಲದೆ ನಡೆಯುತ್ತಿದೆಯೆಂದು ಭಾವಿಸುವುದು ಸಾಧ್ಯವಿಲ್ಲ. ಗೊತ್ತಿದ್ದೂ ಕಾಣದಂತಿರುವುದರಿಂದ ಹಲವರಿಗೆ ಪ್ರಯೋಜನವಿದೆಯೆಂದೇ ತಿಳಿಯಬೇಕು. ಮರೆಯಿಂದ ಗಿರಾಕಿಯ ಮಾನ ಉಳಿಯುತ್ತದೆ, ಅಂಗಡಿಯ ಪರವಾನಗಿ ಉಳಿಯುತ್ತದೆ, ದೇಶದ ಸದಾಚಾರದ ಹೆಸರು ಉಳಿಯುತ್ತದೆ. ಆದರೆ ಗಿರಾಕಿ ಹೊಡೆದರೆ, ಹಣ ಕೊಡದೆ ಹೋದರೆ, ಒಡೆಯ ಸಂಬಳವನ್ನು ಸಾಲಕ್ಕೆ ವಜಾ ಹಾಕಿಕೊಂಡರೆ, ಪೋಲೀಸರ ಬಳಿಗೆ ಹೋಗಬೇಕಾದವಳು ತಾನೇ ಅಪರಾಧಿಯೆಂದು ಒಪ್ಪಿಕೊಂಡು ಹೋಗಬೇಕಾದೀತು. ಹೀಗಾಗಿ ಅವಳ ಪಾಲಿಗೆ ಈ ಮರೆ ರಕ್ಷಣೆಯಲ್ಲ, ನಿರ್ಬಂಧ. ವಿಯೆಂಟಿಯಾನಿನ ಶಾಂತಿಯನ್ನು ಕೊಂಡಾಡುವವರೆಲ್ಲರೂ ಆ ಶಾಂತಿಯ ಒಂದು ಭಾಗ ಇವಳ ಬಾಯನ್ನು ಮುಚ್ಚಿದ್ದರಿಂದ ದೊರೆತದ್ದೆಂಬುದನ್ನು ಅರಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇದೇ ಮರೆ ದೊಡ್ಡ ಪ್ರಮಾಣದಲ್ಲಿ ಬೆಳೆದರೆ ಏನಾಗುವುದೆಂಬುದಕ್ಕೆ ವಾಯವ್ಯದ ಬೊಕೆವೊ ಪ್ರಾಂತದ ಸುವರ್ಣ ತ್ರಿಕೋನ ವಿಶೇಷ ಆರ್ಥಿಕ ವಲಯವೇ ನಿದರ್ಶನ. ಜೂಜಿನ ಅರಮನೆಯನ್ನು ಮಧ್ಯದಲ್ಲಿಟ್ಟು ಬೆಳೆದ ಆ ವಲಯವನ್ನು ನಡೆಸುವ ಜಾಲದ ಮೇಲೆ, ಮಾದಕವಸ್ತು ಮತ್ತು ಮಾನವ ಸಾಗಣೆಯ ಆರೋಪಗಳನ್ನು ಹೊರಿಸಿ ಅಮೆರಿಕದ ಹಣಕಾಸು ಇಲಾಖೆ 2018ರ ಜನವರಿಯಲ್ಲಿ ನಿರ್ಬಂಧ ಹೇರಿತು. ನಮ್ಮವರೂ ಅದರ ಬಾಯಿಗೆ ಬಿದ್ದಿದ್ದಾರೆ: ಕಂಪ್ಯೂಟರ್ ಕೆಲಸದ ಆಸೆ ತೋರಿಸಿ ಕರೆದೊಯ್ದು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ್ದ 47 ಮಂದಿ ಭಾರತೀಯರನ್ನು 2024ರ ಆಗಸ್ಟಿನಲ್ಲಿ ವಿಯೆಂಟಿಯಾನಿನ ಭಾರತೀಯ ರಾಯಭಾರ ಕಚೇರಿ ಅಲ್ಲಿಂದ ಬಿಡಿಸಿತು. ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಳ್ಳುವುದು, ತೀರಿಸಲಾಗದ ಸಾಲವನ್ನು ಹೊರಿಸುವುದು, ದೂರು ಕೊಟ್ಟರೆ ನೀನೇ ಜೈಲಿಗೆ ಹೋಗುವೆಯೆಂದು ಬೆದರಿಸುವುದು, ಇವು ಮನುಷ್ಯರನ್ನು ಮಾರುವ ಎಲ್ಲ ವ್ಯಾಪಾರಗಳಿಗೂ ಸಮಾನವಾದ ಉಪಾಯಗಳು.

ಬೌದ್ಧ ಸಂಸ್ಕೃತಿಯುಳ್ಳ ಪರದೇಶವೊಂದರ ನೀತಿಯನ್ನು ಕುರಿತು ಹೇಳಲು ನಮಗೇನು ಅಧಿಕಾರವೆಂದು ಓದುಗರು ಕೇಳಬಹುದು. ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ; ನಮ್ಮಲ್ಲಿಯೇ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು 1982ರಲ್ಲಿ ಕಾಯಿದೆಯಾದ ಮೇಲೂ ಆ ಹೆಂಗಸರ ಜೀವನೋಪಾಯದ ಪ್ರಶ್ನೆ ಪೂರ್ಣವಾಗಿ ಬಗೆಹರಿದಿಲ್ಲ. ಆದರೆ ಕಂಡ ಅನುಭವವೊಂದನ್ನು ಹೇಳಬಹುದು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಆಶೋದಯ ಸಮಿತಿ, ಏಡ್ಸ್ ತಡೆಯುವ ಕೆಲಸದಿಂದ ಮೊದಲಾಗಿ, ಪೋಲೀಸರೊಡನೆ ಮಾತುಕತೆ, ಹಿಂಸೆಯಾದಾಗ ಒಡನೆಯೇ ನೆರವು, ಉಳಿತಾಯ ಎಂದು ವಿಸ್ತರಿಸಿಕೊಂಡು, ಏಷ್ಯದ ಇತರ ದೇಶಗಳವರಿಗೂ ತರಬೇತಿ ಕೊಡುವ ಮಟ್ಟಕ್ಕೆ ಬೆಳೆಯಿತು. ಹೆಂಗಸರು ಒಟ್ಟುಗೂಡಿ ತಮ್ಮ ಹೆಸರಿನಲ್ಲಿ ಮಾತನಾಡಲು ಸಾಧ್ಯವಾದದ್ದರಿಂದಲೇ ಇದೆಲ್ಲ ಆದದ್ದು. ಲಾವೋಸಿನಲ್ಲಿಯೂ ಆರೋಗ್ಯ ಇಲಾಖೆ ಸೇವಾ ಮಹಿಳೆಯರಿಗೆ ಕಾಂಡೋಮ್ ಹಂಚಿ, ತಪಾಸಣೆಯ ಕೇಂದ್ರಗಳನ್ನು ತೆರೆದು, ಅವರಲ್ಲಿ ಎಚ್‌ಐವಿ ಸೋಂಕು ಶೇಕಡ ಒಂದೆರಡರ ಆಸುಪಾಸಿನಲ್ಲಿಯೇ ನಿಲ್ಲುವಂತೆ ನೋಡಿಕೊಂಡದ್ದು ಸಾಮಾನ್ಯವಾದ ಸಾಧನೆಯಲ್ಲ. ಹಾಗಿದ್ದೂ ಒಂದು ಇಲಾಖೆ ಔಷಧಿ ಕೊಡಲು ಹುಡುಕಿಕೊಂಡು ಬರುವ ಹೆಣ್ಣನ್ನೇ ಮತ್ತೊಂದು ಇಲಾಖೆ ದಂಡ ವಿಧಿಸಲು ಹುಡುಕಬಹುದೆಂಬ ಸ್ಥಿತಿ ಮುಂದುವರಿದಿದೆ.

ಅಗತ್ಯವಾದದ್ದು ವಿಯೆಂಟಿಯಾನಿನ ಇರುಳನ್ನು ಇನ್ನಷ್ಟು ಬೇಗ ಮುಚ್ಚುವುದಲ್ಲ. ಬಿಯರ್ ಅಂಗಡಿಯ ಮತ್ತು ಕರೋಕೆಯ ಕೆಲಸವನ್ನು ಕೆಲಸವೆಂದೇ ಒಪ್ಪಿ, ಲಿಖಿತ ಕರಾರು, ಗೊತ್ತಾದ ಸಂಬಳ, ಅಂಗಡಿಯ ಹೊರಗೆ ವಸತಿ ಇವುಗಳನ್ನು ಕಡ್ಡಾಯ ಮಾಡುವುದು ಕಾರ್ಮಿಕ ಇಲಾಖೆಗೆ ಅಸಾಧ್ಯವಲ್ಲ. 1955ರಲ್ಲಿ ಸ್ಥಾಪಿತವಾಗಿ ಗ್ರಾಮಗ್ರಾಮಗಳಲ್ಲಿ ಬೇರುಬಿಟ್ಟಿರುವ ಲಾವೊ ಮಹಿಳಾ ಸಂಘ ರಾಜಧಾನಿಯಲ್ಲಿ ನಡೆಸುವ ಆಶ್ರಯಧಾಮದ ಬಾಗಿಲಲ್ಲಿ, ನೀನು ಮೋಸಹೋದವಳೋ ಮನಸ್ಸಿನಿಂದ ಬಂದವಳೋ ಎಂಬ ಪ್ರಶ್ನೆ ಮೊದಲನೆಯದಾಗಬಾರದು. ಮಾನವ ಸಾಗಣೆಯ ವಿರುದ್ಧ 2015ರಲ್ಲಿ ಪ್ರತ್ಯೇಕವಾದ ಕಾನೂನನ್ನು ಮಾಡಿದ, 2017ರಲ್ಲಿ ಇಡೀ ದಂಡಸಂಹಿತೆಯನ್ನೇ ಹೊಸದಾಗಿ ಅಂಗೀಕರಿಸಿದ ರಾಷ್ಟ್ರೀಯ ಸಭೆಗೆ, ಆ ಸಂಹಿತೆಯಲ್ಲಿ ದೇಹ ಮಾರಿಕೊಂಡವಳಿಗೆ ವಿಧಿಸಿರುವ ಶಿಕ್ಷೆಯನ್ನು ತೆಗೆದುಹಾಕಿ, ಅವಳನ್ನು ಮಾರುವವನಿಗೆ ವಿಧಿಸಿರುವುದನ್ನು ಮಾತ್ರ ಉಳಿಸಿಕೊಳ್ಳಲು ಒಂದು ಅಧಿವೇಶನ ಸಾಕು.